ಕುಂಬಳಕಾಯಿ ಕಳ್ಳನ ಹೆಗಲು

ನಮ್ಮ ಎದುರುಮನೆಯ ಅಜ್ಜಿಯವರಿಗೆ ಎಂಬತ್ತು ದಾಟಿದೆ. ಹೋದ ವರ್ಷ ಮಗ, ಸೊಸೆ, ಮೊಮ್ಮಕ್ಕಳೊಡನೆ ಅವರು ನಾಲ್ಕು ದಿನದ ಯಾತ್ರೆಗೆ ಹೊರಟರು. ಜನಸಂದಣಿಯಲ್ಲಿ ಮೈಮೇಲೆ ಚಿನ್ನವೇಕೆಂದು ಒಡವೆಗಳನ್ನೆಲ್ಲ ಬಿಚ್ಚಿ ಬೀರುವಿನಲ್ಲಿಟ್ಟು, ಬೀರುವಿನ ಬೀಗದ ಕೈಯನ್ನು ದೇವರ ಮನೆಯ ಗೂಡಿನಲ್ಲಿಟ್ಟು, ದೇವರಿಗೆ ಕೈಮುಗಿದು ಹೋದರು. ಹಿಂದಿರುಗಿ ಬರುವಷ್ಟರಲ್ಲಿ ಹಿತ್ತಿಲ ಬಾಗಿಲಿನ ಚಿಲಕ ಕಿತ್ತುಬಂದಿತ್ತು. ಬೀರು ಬಾಯ್ದೆರೆದು ನಿಂತಿತ್ತು. ದೇವರ ಮನೆಯ ಬೆಳ್ಳಿಯ ತಂಬಿಗೆಯನ್ನು ಸಹ ಕಳ್ಳನು ಬಿಟ್ಟಿರಲಿಲ್ಲ.

ಏಳು ತಿಂಗಳ ಮೇಲೆ ಠಾಣೆಯಿಂದ ಕರೆ ಬಂತು. ಕಳ್ಳನೊಬ್ಬ ಸಿಕ್ಕಿದ್ದಾನೆ, ಮಾಲು ಗುರುತಿಸಲು ಬನ್ನಿ ಎಂದು. ಅಜ್ಜಿಯವರ ಜೊತೆಗೆ ನಾನೂ ಹೋಗಿದ್ದೆ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಸಾಲಾಗಿ ಒಡವೆ ವಸ್ತುಗಳನ್ನಿಟ್ಟಿದ್ದರು.

“ಅಮ್ಮಾ, ಈ ಎರಡು ಬಳೆ ನಿಮ್ಮವೇನೋ ನೋಡಿ ಹೇಳಿ” ಎಂದರು ಅಧಿಕಾರಿಗಳು.

ಅಜ್ಜಿಯವರು ಕನ್ನಡಕ ಏರಿಸಿ, ಬಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. “ನಮ್ಮ ಬಳೆಯ ಹಾಗೆಯೇ ಇವೆಯಪ್ಪಾ. ಆದರೆ ನಮ್ಮವೇ ಎಂದು ಆಣೆಯಿಟ್ಟು ಹೇಳಲಾರೆ. ಇಂಥ ಬಳೆ ಎಷ್ಟು ಮನೆಯಲ್ಲಿಲ್ಲ?” ಎಂದರು. ಆಮೇಲೆ ಬೆಳ್ಳಿಯ ತಂಬಿಗೆಯನ್ನು ಕಂಡು ಅವರ ಮುಖ ಅರಳಿತು. “ಇದು ನಮ್ಮದು. ಕಂಠದ ಕೆಳಗೆ ನೋಡು, ನಮ್ಮ ಯಜಮಾನರ ಹೆಸರಿದೆ.”

ಹೆಸರು ಇತ್ತು. ನ್ಯಾಯಾಲಯದ ಅಪ್ಪಣೆಯಾದ ಮೇಲೆ ತಂಬಿಗೆ ಮನೆಗೆ ಬಂತು, ಬಳೆಗಳು ಬರಲಿಲ್ಲ. ದಾರಿಯಲ್ಲಿ ಮಗನು ಬೇಸರದಿಂದ, “ಅಮ್ಮಾ, ‘ಹೌದು’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ” ಎಂದ. “ಬೇರೆ ಯಾರ ಮನೆಯವಾದರೂ ಆಗಿದ್ದರೆ ಏನು ಗತಿಯೋ?” ಎಂದರು ಅಜ್ಜಿ. ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಕಳುವಿನ ದುಃಖದಲ್ಲಿ ಎರಡು ಪಾಲುಂಟೆಂಬುದು ಅಂದು ನನಗೆ ಮನವರಿಕೆಯಾಯಿತು. ವಸ್ತು ಹೋಯಿತೆಂಬುದು ಒಂದು. ಅದು ಕಣ್ಣೆದುರಿಗೆ ಬಂದರೂ ತನ್ನದೆಂದು ರುಜುವಾತು ಮಾಡಲಾಗದೆಂಬುದು ಇನ್ನೊಂದು. ಪೊಲೀಸರ ಕಷ್ಟವೂ ಇದೇ ಬಗೆಯದು. ಕಳ್ಳನೆಂದು ಗೊತ್ತಿದ್ದರೂ, ಇಂಥ ಮನೆಗೆ, ಇಂಥ ದಿನ ನುಗ್ಗಿದವನು ಇವನೇ ಎಂದು ತೋರಿಸಿಕೊಡುವ ಗುರುತು ಬೇಕು. ಈ ಗುರುತಿನ ಕಥೆಯೇ ಈ ವಾರದ ನಮ್ಮ ವಿಷಯ.

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅವನು ಹೆಗಲನ್ನೇ ಏಕೆ ಮುಟ್ಟಿಕೊಂಡ? ಬೂದುಗುಂಬಳದ ಮೈಮೇಲೆ ಬಿಳಿಯ ಬೂದಿಯಂಥ ಪುಡಿ ಇರುತ್ತದೆ. ಕಾಯನ್ನು ಹೆಗಲ ಮೇಲೆ ಹೊತ್ತರೆ ಆ ಪುಡಿ ಅಂಟಿಕೊಳ್ಳುತ್ತದೆ. ಕತ್ತಲಲ್ಲಿ ಕದ್ದವನಿಗೆ ಆ ಪುಡಿ ಕಾಣಿಸಿರಲಿಲ್ಲ. ಹಗಲಲ್ಲಿ ಯಾರೋ ಕೂಗಿದ ಕೂಡಲೆ ಅಳುಕು ಹುಟ್ಟಿತು. ಕದ್ದ ವಸ್ತುವೇ ಕದ್ದವನ ಮೈಮೇಲೆ ಸಾಕ್ಷಿ ಬರೆಯುತ್ತದೆಂಬ ತತ್ತ್ವವನ್ನು ನಮ್ಮ ಹಿರಿಯರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಪಶ್ಚಿಮದ ವಿಜ್ಞಾನಿಗಳು ಈಚೆಗೆ ಮಾಡಿರುವುದಿಷ್ಟೆ: ಕುಂಬಳಕಾಯಿಗೆ ಸ್ವಭಾವತಃ ಇರುವ ಗುಣವನ್ನು ಒಡವೆಗೂ, ಯಂತ್ರಕ್ಕೂ, ಬಾಗಿಲಿಗೂ ಕೊಟ್ಟಿದ್ದಾರೆ.

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಬರುವ ಶರ್ವಿಲಕನು ಗೋಡೆಗೆ ಕನ್ನ ಕೊರೆಯುವ ಮುನ್ನ, ಅದು ಕಮಲದ ಆಕಾರದಲ್ಲಿರಬೇಕೋ ಪೂರ್ಣಕುಂಭದ ಆಕಾರದಲ್ಲಿರಬೇಕೋ ಎಂದು ವಿಚಾರ ಮಾಡುತ್ತಾನೆ, ಬೆಳಗಾದ ಮೇಲೆ ನೋಡಿದವರು ಮೆಚ್ಚಬೇಕೆಂಬುದು ಅವನ ಆಸೆ. ಈಗಿನ ಕನ್ನಗಳ್ಳನಿಗೆ ಅಂಥ ಕೀರ್ತಿಯ ಹಂಬಲವಿಲ್ಲ. ಗುರುತು ಬಿಡದಿರುವುದೇ ಅವನ ವಿದ್ಯೆ. ಆದರೂ ಕೈಯ ಬೆರಳು ಅವನಿಗೆ ದ್ರೋಹ ಮಾಡುವುದುಂಟು.

ಬೆರಳಚ್ಚಿನ ಶಾಸ್ತ್ರಕ್ಕೆ ನಮ್ಮ ದೇಶವೇ ತವರು. ಕಲಕತ್ತೆಯಲ್ಲಿ 1897ರಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಎಡ್ವರ್ಡ್ ಹೆನ್ರಿ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಪ್ರಸಿದ್ಧವಾದ ವರ್ಗೀಕರಣ ಪದ್ಧತಿಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿತ್ತು. ಅದೇ ವರ್ಷ ಜಲಪಾಯ್‌ಗುರಿಯ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆಯಾಗಿ, ಅವನ ಹಣ ಕಳುವಾಯಿತು. ಮನೆಯಲ್ಲಿ ಸಿಕ್ಕಿದ ಬಂಗಾಳಿ ಪಂಚಾಂಗವೊಂದರ ಮೇಲೆ ರಕ್ತದ ಹೆಬ್ಬೆರಳಿನ ಕಂದು ಗುರುತಿತ್ತು. ಹಿಂದೆ ಅದೇ ಮನೆಯಲ್ಲಿ ಕದ್ದು ಸೆರೆಮನೆ ಕಂಡಿದ್ದ ಕಾಂಗಾಲಿ ಚರಣ್ ಎಂಬ ಹಳೆಯ ಆಳಿನ ಬೆರಳಚ್ಚಿಗೆ ಅದು ಸರಿಹೊಂದಿತು. ನ್ಯಾಯಾಲಯವು 1898ರಲ್ಲಿ ಕಳುವಿಗಾಗಿ ಅವನಿಗೆ ಶಿಕ್ಷೆ ಕೊಟ್ಟಿತು. ಆದರೆ ಕೊಲೆಯ ಆರೋಪದಿಂದ ಬಿಟ್ಟಿತು. ಪಂಚಾಂಗವನ್ನು ಮುಟ್ಟಿದ್ದಾನೆಂದು ಹೆಬ್ಬೆರಳು ಹೇಳುತ್ತದೆ, ಕೊಂದನೆಂದು ಹೇಳುವುದಿಲ್ಲ. ಗುರುತು ಎಷ್ಟು ಹೇಳುತ್ತದೆಯೋ ಅಷ್ಟನ್ನೇ ನಂಬಿದ ಆ ನ್ಯಾಯಾಧೀಶರಿಗೂ ನಮ್ಮ ಎದುರುಮನೆಯ ಅಜ್ಜಿಯವರಿಗೂ ಏನೋ ನೆಂಟಸ್ತಿಕೆ ಇರುವಂತೆ ನನಗೆ ತೋರುತ್ತದೆ.

ಕಲಕತ್ತೆಯ ವಿದ್ಯೆ 1901ರಲ್ಲಿ ಹೆನ್ರಿಯೊಡನೆ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಹೋಯಿತು. ಮರುವರ್ಷವೇ ಅದಕ್ಕೆ ಪರೀಕ್ಷೆ ಬಂತು. ಡೆನ್ಮಾರ್ಕ್ ಹಿಲ್ ಎಂಬಲ್ಲಿ ಒಂದು ಮನೆಗೆ ಕಳ್ಳನು ಕಿಟಕಿಯಿಂದ ಒಳಹೊಕ್ಕು ಬಿಲಿಯರ್ಡ್ಸ್ ಆಟದ ಚೆಂಡುಗಳನ್ನು ಕದ್ದೊಯ್ದನು. ಕಿಟಕಿಯ ಚೌಕಟ್ಟಿಗೆ ಆಗಷ್ಟೇ ಬಣ್ಣ ಬಳಿದಿದ್ದರು. ಆರದ ಬಣ್ಣದ ಮೇಲೆ ಎಡಗೈ ಹೆಬ್ಬೆರಳು ಸ್ಪಷ್ಟವಾಗಿ ಮೂಡಿತ್ತು. ಹ್ಯಾರಿ ಜಾಕ್ಸನ್ ಎಂಬವನಿಗೆ 1902ರ ಸೆಪ್ಟೆಂಬರಿನಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ಬೆರಳಚ್ಚಿನ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ ಶಿಕ್ಷೆಯಾದುದು ಅದೇ ಮೊದಲು.

ಅಂದು ಬಣ್ಣ ಹಸಿಯಾಗಿದ್ದುದು ಆಕಸ್ಮಿಕ. ಬಣ್ಣವನ್ನು ಬೇಕೆಂದೇ ಹಸಿಯಾಗಿಟ್ಟರೆ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಒಂಬತ್ತು ದಶಕಗಳೇ ಬೇಕಾದವು. ಫಿಲ್ ಕ್ಲಿಯರಿ ಎಂಬವರು ಇಂಗ್ಲೆಂಡಿನಲ್ಲಿ ಪೊಲೀಸ್ ಪತ್ತೇದಾರರಾಗಿದ್ದರು. ಅವರೂ, ರಸಾಯನಶಾಸ್ತ್ರಜ್ಞರಾದ ಅವರ ಸಹೋದರ ಮೈಕ್ ಅವರೂ ಸೇರಿ 1990ರ ದಶಕದಲ್ಲಿ ‘ಸ್ಮಾರ್ಟ್‌ವಾಟರ್’ ಎಂಬ ದ್ರವವನ್ನು ಬಳಕೆಗೆ ತಂದರು. ಸಾಧಾರಣ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ನೇರಳಾತೀತ ಕಿರಣದ ದೀಪವನ್ನು ಹಿಡಿದರೆ ಹೊಳೆಯುತ್ತದೆ. ಇಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಹೊಳೆಯುವ ಬಣ್ಣಗಳು ಬೇಕಾದಷ್ಟಿವೆ. ಇದರ ವಿಶೇಷವೆಂದರೆ, ಒಂದು ಮನೆಗೆ ಕೊಟ್ಟ ಶೀಶೆಯಲ್ಲಿರುವ ದ್ರವದ ರಚನೆ ಮತ್ತೊಂದು ಮನೆಯ ಶೀಶೆಯಲ್ಲಿರುವುದಿಲ್ಲ. ಯಾವ ಸಂಕೇತದ ದ್ರವ ಯಾವ ವಿಳಾಸಕ್ಕೆ ಹೋಯಿತೆಂಬುದು ದಾಖಲೆಯಲ್ಲಿರುತ್ತದೆ. ಒಂದು ಸಣ್ಣ ಚುಕ್ಕೆ ಸಿಕ್ಕಿದರೆ ಸಾಕು, ಪ್ರಯೋಗಶಾಲೆಯಲ್ಲಿ ಅದರ ಮನೆಯ ವಿಳಾಸವನ್ನು ಓದಬಹುದು. ಇದೇ ಜಾತಿಯ ಬೇರೆ ದ್ರವಗಳೂ ಈಗ ಇವೆ. ಅವುಗಳಲ್ಲಿ ಕೆಲವು ಕೃತಕವಾಗಿ ರಚಿಸಿದ ಡಿಎನ್‌ಎ ಎಳೆಗಳನ್ನೇ ಸಂಕೇತವಾಗಿ ಬಳಸುತ್ತವೆ.

ಬಳಸುವ ರೀತಿ ಎರಡು. ಮೊದಲನೆಯದರಲ್ಲಿ ಗಡಿಯಾರ, ಕ್ಯಾಮೆರಾ, ಗಣಕಯಂತ್ರಗಳಿಗೆ ಒಂದೊಂದು ತೊಟ್ಟು ಹಚ್ಚುತ್ತಾರೆ. ಅದು ಒಣಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಪಾತ್ರೆ ಅಂಗಡಿಯವನು ಕೊಂಡ ಪಾತ್ರೆಗೆ ಹೆಸರು ಕೊರೆದು ಕೊಡುವುದಿಲ್ಲವೆ, ಅದರ ವಂಶಸ್ಥ ಇದು. ಎರಡನೆಯದರಲ್ಲಿ ಚಿಮುಕಿಸುವ ಯಂತ್ರವನ್ನು ಬಾಗಿಲ ಮೇಲೋ ಮಾಡಿನಲ್ಲೋ ಅಡಗಿಸಿಡುತ್ತಾರೆ. ನುಗ್ಗಿದವನ ಮೇಲೆ ಸಣ್ಣ ಹನಿಗಳು ಬೀಳುತ್ತವೆ. ಚರ್ಮದ ಮೇಲೆ ಕೆಲವು ವಾರ, ಬಟ್ಟೆಯ ನೂಲಿನಲ್ಲಿ ತಿಂಗಳುಗಟ್ಟಲೆ ಅದು ಉಳಿಯುವುದೆಂದು ತಯಾರಕರು ಹೇಳುತ್ತಾರೆ. ಅನುಮಾನದ ಮೇಲೆ ಹಿಡಿದು ತಂದವನನ್ನು ಪೊಲೀಸರು ನೇರಳಾತೀತ ದೀಪದ ಮುಂದೆ ನಿಲ್ಲಿಸಿದರೆ ಕತ್ತಿನ ಹಿಂದೆಯೋ ಕಿವಿಯ ಸಂದಿಯಲ್ಲೋ ಕುಂಬಳಕಾಯಿಯ ಬೂದಿ ಹೊಳೆಯುತ್ತದೆ.

ಇನ್ನು ಹೂಡುಮನೆಯ ಮಾತು. ಹಿಂದಿನ ಬೇಟೆಗಾರರು ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಸೆಳೆಯುತ್ತಿದ್ದರು. ಅದಕ್ಕೆ ‘ದೀವದ ಮೃಗ’ ಎಂಬ ಹೆಸರಿತ್ತು. ಬ್ರಿಟನ್ನಿನ ಪೊಲೀಸರು ಮಾಡಿದುದು ದೀವದ ಮನೆ. ಪಶ್ಚಿಮ ಯಾರ್ಕ್‌ಷೈರ್ ಮೊದಲಾದ ಕಡೆಯ ಪೊಲೀಸ್ ದಳಗಳು, ಕಳುವು ಹೆಚ್ಚಾಗಿರುವ ಬಡಾವಣೆಯಲ್ಲಿ ಒಂದು ಸಾಧಾರಣ ಮನೆಯನ್ನು ಗೊತ್ತುಮಾಡಿಕೊಂಡವು. ಕಿಟಕಿಗೆ ಪರದೆ, ಹಜಾರದಲ್ಲಿ ಕುರ್ಚಿ, ದೂರದರ್ಶನ ಯಂತ್ರ, ಮೇಜಿನ ಮೇಲೊಂದು ಗಣಕಯಂತ್ರ, ಸಂಜೆ ತಾನಾಗಿ ಹೊತ್ತಿ ರಾತ್ರಿ ತಾನಾಗಿ ಆರುವ ದೀಪ. ನೋಡಿದವರಿಗೆ ಯಾವುದೋ ಸಂಸಾರ ಕೆಲಸಕ್ಕೆ ಹೋಗಿದೆ ಎಂಬ ಭಾವನೆ. ಒಳಗೆ ಮಾತ್ರ ಗೋಡೆಗೆ ಕಣ್ಣು, ಮಾಡಿಗೆ ಹನಿಯ ಯಂತ್ರ, ಸದ್ದಿಲ್ಲದೆ ಠಾಣೆಯನ್ನು ಎಚ್ಚರಿಸುವ ತಂತಿ. ಕಳ್ಳನು ಒಳಗೆ ಬಂದು, ಆರಿಸಿ, ಕಟ್ಟಿಕೊಂಡು ಹೊರಡುವವರೆಗಿನ ಎಲ್ಲವೂ ಚಿತ್ರವಾಗುತ್ತದೆ. ಹೊರಡುವಾಗ ಅವನು ಒಯ್ಯುವ ಗಂಟಿನ ಮೇಲೂ, ಅವನ ಮೈಮೇಲೂ ಮನೆಯ ವಿಳಾಸ ಬರೆದಿರುತ್ತದೆ.

ಇಂಥ ಬಡಾವಣೆಯನ್ನು ಆರಿಸುವುದಕ್ಕೂ ಕಾರಣವುಂಟು. ಒಂದು ಮನೆಗೆ ಕನ್ನ ಬಿದ್ದರೆ ಮುಂದಿನ ಕೆಲವು ವಾರಗಳಲ್ಲಿ ಆ ಮನೆಗೂ ನೆರೆಹೊರೆಗೂ ಮತ್ತೆ ಕನ್ನ ಬೀಳುವ ಸಂಭವ ಹೆಚ್ಚೆಂದು ಅಪರಾಧಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ದಾರಿ ತಿಳಿದ ಕಡೆಗೆ ಕಳ್ಳನ ಕಾಲು ತಾನಾಗಿ ನಡೆಯುತ್ತದೆ. ಆದುದರಿಂದ ದೀವದ ಮನೆಗೆ ಬೀಳುವವನು ಸಾಮಾನ್ಯವಾಗಿ ದಾರಿತಪ್ಪಿದ ಬಡಪಾಯಿಯಲ್ಲ, ಕಸಬುದಾರ.

ಇಲ್ಲಿ ಒಂದು ಸ್ವಾರಸ್ಯವುಂಟು. ದೀವದ ಮನೆಯಿದೆಯೆಂಬ ಸುದ್ದಿಯನ್ನು ಪೊಲೀಸರು ಗುಟ್ಟಾಗಿಡುವುದಿಲ್ಲ. ಅದು ಎಲ್ಲಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ದ್ರವ ಹಚ್ಚಿದ ಮನೆಗಳ ಬಾಗಿಲಿಗೆ ಚೀಟಿಯನ್ನೂ ಅಂಟಿಸುತ್ತಾರೆ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 2015ರಲ್ಲಿ ಸುಮಾರು 4,40,000 ಮನೆಗಳಿಗೆ ಇಂಥ ದ್ರವ ಹಂಚುವ ಯೋಜನೆಯನ್ನು ಡಂಗುರ ಹೊಡೆಸಿಯೇ ಪ್ರಾರಂಭಿಸಿದರು. ಕಳ್ಳನು ಪ್ರತಿಯೊಂದು ಮನೆಯ ಮುಂದೆಯೂ ‘ಇದೇ ಆಗಿದ್ದರೆ?’ ಎಂದು ಅನುಮಾನಿಸಬೇಕು. ಹಿಡಿಯುವುದಕ್ಕಿಂತ ಅಳುಕಿಸುವುದೇ ಮುಖ್ಯ. ಪಕ್ಕದ ಬೀದಿಗೆ ಕಳ್ಳನನ್ನು ಅಟ್ಟಿದಂತಾಗಲಿಲ್ಲವೆ ಎಂದು ಕೇಳಿದರೆ, ಆ ಶಂಕೆ ಸುಳ್ಳಲ್ಲ. ಬೀದಿಗೊಬ್ಬರಂತೆ ಚೀಟಿ ಅಂಟಿಸದೆ ಇಡೀ ಬಡಾವಣೆಗೇ ದ್ರವ ಹಂಚುವುದಕ್ಕೆ ಅದೂ ಒಂದು ಕಾರಣ.

ಇದನ್ನೆಲ್ಲ ನಿವೃತ್ತ ವಕೀಲರಾದ ಮಿತ್ರರೊಬ್ಬರ ಮುಂದೆ ಉತ್ಸಾಹದಿಂದ ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟು, “ಸ್ವಾಮಿ, ಆಸೆ ತೋರಿಸಿ ಕೆಡವುವುದೂ ಒಂದು ನ್ಯಾಯವೆ?” ಎಂದು ಕೇಳಿದರು. “ಹೊಟ್ಟೆಗಿಲ್ಲದ ಹುಡುಗನ ಎದುರಿಗೆ ಬಾಗಿಲು ತೆರೆದಿಟ್ಟು, ಒಳಗೆ ಹೆಜ್ಜೆಯಿಟ್ಟೊಡನೆ ಕೈಗೆ ಕೋಳ ಹಾಕಿದರೆ, ಕಳ್ಳನನ್ನು ಹಿಡಿದಂತಾಯಿತೋ, ಕಳ್ಳನನ್ನು ತಯಾರಿಸಿದಂತಾಯಿತೋ?”

ಪ್ರಶ್ನೆ ಸಣ್ಣದಲ್ಲ. ನ್ಯಾಯಾಲಯಗಳೂ ಇದನ್ನು ತೂಗಿ ನೋಡಿವೆ. ಇಂಗ್ಲೆಂಡಿನ ಪೇಟೆಯೊಂದರಲ್ಲಿ ಪೊಲೀಸರು, ಸಿಗರೇಟಿನ ಪೆಟ್ಟಿಗೆಗಳು ಹೊರಕ್ಕೆ ಕಾಣುವಂತೆ ಹಿಂಬಾಗಿಲನ್ನು ಅರೆತೆರೆದ ಒಂದು ವ್ಯಾನನ್ನು ನಿಲ್ಲಿಸಿ ಮರೆಯಲ್ಲಿ ಕಾದರು. ಇಬ್ಬರು ಬಂದು ಕೈಹಾಕಿದರು, ಸಿಕ್ಕಿಬಿದ್ದರು. ನಮ್ಮನ್ನು ಬಲೆಗೆ ಕೆಡವಿದರೆಂದು ಅವರು ವಾದಿಸಿದರು. ಅಲ್ಲಿನ ಹೈಕೋರ್ಟು 1993ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಯಾರೂ ಅವರನ್ನು ಕರೆಯಲಿಲ್ಲ, ಒತ್ತಾಯಿಸಲಿಲ್ಲ, ಪುಸಲಾಯಿಸಲಿಲ್ಲ. ವ್ಯಾನನ್ನು ಕಂಡವರೆಲ್ಲ ದಾಟಿಹೋಗುವ ಸ್ವಾತಂತ್ರ್ಯ ಅವರಿಗೂ ಇತ್ತು. ಮುಂದೆ 2001ರಲ್ಲಿ ಲೂಸ್ಲಿ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಗೆರೆಯನ್ನು ಇನ್ನೂ ಸ್ಪಷ್ಟಪಡಿಸಿತು. ಲೋಕದಲ್ಲಿ ಯಾರಿಗಾದರೂ ಸಹಜವಾಗಿ ಒದಗಬಹುದಾದ ಸಂದರ್ಭವನ್ನು ಪೊಲೀಸರು ಒದಗಿಸಿದರೆ ತಪ್ಪಿಲ್ಲ. ಇಲ್ಲದ ಅಪರಾಧವನ್ನು ಅವರೇ ಹುಟ್ಟಿಸಿದರೆ ತಪ್ಪು.

ನಮ್ಮ ಸುಪ್ರೀಂ ಕೋರ್ಟು ಇದಕ್ಕೆ ಬಹಳ ಮೊದಲೇ, 1956ರಲ್ಲಿ, ಬಿಹಾರದಿಂದ ಬಂದ ರಾಮಜನಂ ಸಿಂಗ್ ಮೊಕದ್ದಮೆಯಲ್ಲಿ ಇದೇ ಅಭಿಪ್ರಾಯದ ಮಾತನ್ನು ಹೇಳಿದೆ. ಮನುಷ್ಯನಲ್ಲಿ ದುರ್ಬುದ್ಧಿ ಇರಬಹುದು. ಆದರೂ ಅವನ ದುರ್ಬಲವಾದ ಮನಸ್ಸಿಗೆ ತಡೆಯಲಾರದ ಆಮಿಷವನ್ನು ಒಡ್ಡಿ, ಸುಮ್ಮನಿದ್ದವನನ್ನು ಪಾಪದ ಹಾದಿಗೆ ಎಳೆಯಬಾರದು. ಅಷ್ಟನ್ನು ಕಾನೂನಿನ ಕಾವಲುಗಾರರಿಂದ ನಿರೀಕ್ಷಿಸುವ ಹಕ್ಕು ಅವನಿಗುಂಟು ಎಂಬುದು ಆ ತೀರ್ಪಿನ ಸಾರ.

ಬಲೆಯ ವಿದ್ಯೆ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಲೋಕಾಯುಕ್ತ ಪೊಲೀಸರು ಲಂಚ ಹಿಡಿಯುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ದೂರು ಕೊಟ್ಟವನ ನೋಟುಗಳ ಸಂಖ್ಯೆಗಳನ್ನು ಪಂಚರ ಎದುರಿನಲ್ಲಿ ಬರೆದುಕೊಂಡು, ಅವುಗಳಿಗೆ ಫಿನಾಲ್ಫ್ತಲೀನ್ ಎಂಬ ಬಿಳಿಯ ಪುಡಿಯನ್ನು ಸವರುತ್ತಾರೆ. ನೋಟು ಮುಟ್ಟಿದವನ ಬೆರಳಿಗೆ ಪುಡಿ ಅಂಟುತ್ತದೆ, ಅವನಿಗೆ ಕಾಣುವುದಿಲ್ಲ. ಆಮೇಲೆ ಬೆರಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದೂ ಕುಂಬಳಕಾಯಿಯ ಬೂದಿಯೇ. ಆದರೆ ನೀರು ಕೆಂಪಾದ ಮಾತ್ರಕ್ಕೆ ಅಪರಾಧ ಸ್ಥಿರಪಡುವುದಿಲ್ಲ. ಹಣ ಕೇಳಿದ್ದೂ ಸ್ಥಿರಪಡಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2022ರಲ್ಲಿ ಮತ್ತೊಮ್ಮೆ ಹೇಳಿದೆ. ಹಾಗೆಯೇ, ಗುರುತಿನ ದ್ರವ ಹಚ್ಚಿದ ಗಡಿಯಾರ ಯಾರ ಕೈಯಲ್ಲಿ ಸಿಕ್ಕಿತೋ ಅವನೇ ಕನ್ನಗಳ್ಳನೆಂದು ಹೇಳಲಾಗದು. ತಿಳಿಯದೆ ಕೊಂಡವನೂ ಆಗಿರಬಹುದು. ದ್ರವವು ಗಡಿಯಾರದ ಮನೆಯನ್ನು ಹೇಳುತ್ತದೆ. ಉಳಿದುದನ್ನು ಮನುಷ್ಯರೇ ವಿಚಾರಿಸಿ ತಿಳಿಯಬೇಕು.

ನಮ್ಮ ಮಿತ್ರರಿಗೆ ಇಷ್ಟನ್ನೂ ಹೇಳಿ, “ಬೀಗ ಹಾಕಿದ ಮನೆಗೆ ಚಿಲಕ ಕಿತ್ತು ನುಗ್ಗಿದವನನ್ನು ಯಾರೂ ಪುಸಲಾಯಿಸಲಿಲ್ಲವಲ್ಲ” ಎಂದೆ. “ಬೀಗ ಹಾಕಿರಬೇಕು” ಎಂದರು ಅವರು. “ನಿಮ್ಮ ದೀವದ ಮನೆ ಧರ್ಮದ್ದೋ ಅಧರ್ಮದ್ದೋ ಎಂಬುದು ಆ ಬೀಗದಲ್ಲಿದೆ. ಬಾಗಿಲು ತೆರೆದಿಟ್ಟು, ಒಡವೆಯನ್ನು ಹೊಸಲಿನ ಮೇಲಿಟ್ಟರೆ ನಾನು ಕಳ್ಳನ ಪರವಾಗಿ ವಕಾಲತ್ತು ಹಾಕುತ್ತೇನೆ.” ನನಗೂ ಆ ಮಾತು ಒಪ್ಪಿಗೆಯಾಯಿತು. ದೀವದ ಮನೆ ನಮ್ಮ ನಿಮ್ಮ ಮನೆಯಂತೆಯೇ ಇರಬೇಕು. ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಆಸೆ ಹುಟ್ಟಿಸಬಾರದು. ಆಗ ಅಲ್ಲಿ ಸಿಕ್ಕಿಬೀಳುವವನು ನಮ್ಮ ಮನೆಗೆ ಬರಬೇಕಾಗಿದ್ದವನೇ.

ನಮ್ಮ ಬೀದಿಗಳಲ್ಲಿ ದೀವದ ಮನೆ ಹೂಡುವುದು ಸುಲಭವಲ್ಲ. ಖಾಲಿ ಮನೆಗೆ ಹೊಸಬರು ಬಂದರೆ ಸಂಜೆಯೊಳಗೆ ಅವರ ಊರು, ಉದ್ಯೋಗ, ಮಕ್ಕಳ ಸಂಖ್ಯೆ ಎಲ್ಲವೂ ಬೀದಿಗೆ ತಿಳಿದಿರಬೇಕು. ಯಾರೂ ಕಾಣಿಸದ ಮನೆಯಲ್ಲಿ ದೀಪ ಹೊತ್ತಿದರೆ ನಮ್ಮವರು ದೆವ್ವದ ಕಥೆ ಕಟ್ಟಿಬಿಡುತ್ತಾರೆ. ಇದಲ್ಲದೆ ನಮ್ಮ ಕಳ್ಳನ ಕಣ್ಣೆಲ್ಲ ಚಿನ್ನದ ಮೇಲೆ. ಮೂಸೆಗೆ ಬಿದ್ದ ಚಿನ್ನದ ಮೇಲೆ ಹೆಸರೂ ಉಳಿಯದು, ದ್ರವವೂ ಉಳಿಯದು.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಕರಗುವ ಮೊದಲೇ ಸಿಗುವ ಒಡವೆಯೂ ಉಂಟು. ಅಜ್ಜಿಯವರು ನೋಡಿದ ಮೇಜಿನ ಮೇಲೆ ಇದ್ದವು ಅಂಥವೇ. ಹಾಲ್‌ಮಾರ್ಕ್ ಇರುವ ಚಿನ್ನದ ಒಡವೆಗೆ 2021ರ ಜುಲೈಯಿಂದ ಆರು ಅಕ್ಷರ-ಅಂಕಿಗಳ ಒಂದು ಸಂಖ್ಯೆಯನ್ನು ಹಾಕುವ ಪದ್ಧತಿ ಬಂದಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2023ರ ಏಪ್ರಿಲ್ 1ರಿಂದ ಆ ಸಂಖ್ಯೆಯಿಲ್ಲದ ಒಡವೆಯನ್ನು ವ್ಯಾಪಾರಿಗಳು ಮಾರುವಂತಿಲ್ಲ. ಒಂದು ಒಡವೆಯ ಸಂಖ್ಯೆ ಮತ್ತೊಂದಕ್ಕೆ ಇರುವುದಿಲ್ಲ. ಶುದ್ಧತೆಗಾಗಿ ಹಾಕಿದ ಈ ಗುರುತು ಒಡೆತನಕ್ಕೂ ಒಳ್ಳೆಯ ಸಾಕ್ಷಿ. ಆದರೆ ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಭೂತಗನ್ನಡಿ ಹಿಡಿದು ಓದಿ ಬರೆದಿಟ್ಟುಕೊಂಡವರಿಗೆ ಮಾತ್ರ ಪ್ರಯೋಜನ. ಹಳೆಯ ಒಡವೆಗಳಿಗೂ ನೋಂದಾಯಿತ ವ್ಯಾಪಾರಿಯ ಮೂಲಕ ಹಾಲ್‌ಮಾರ್ಕ್ ಹಾಕಿಸಬಹುದು. ಒಂದೊಂದರ ಛಾಯಾಚಿತ್ರ, ತೂಕ, ರಸೀತಿ, ಬೆಸುಗೆಯ ಕಲೆ, ಕಳಚಿದ ಹರಳು ಇವೆಲ್ಲವನ್ನೂ ಗುರುತು ಹಾಕಿಟ್ಟರೆ ಠಾಣೆಯ ಮೇಜಿನ ಮುಂದೆ ‘ಹಾಗೆಯೇ ಇದೆ’ ಎನ್ನುವ ಬದಲು ‘ಇದೇ’ ಎನ್ನಬಹುದು. ಆ ಪಟ್ಟಿಯನ್ನು ಮಾತ್ರ ಒಡವೆಯ ಜೊತೆಗೆ ಬೀರುವಿನಲ್ಲಿಡಬಾರದು! ಊರಿಗೆ ಹೊರಡುವಾಗ ನೆರೆಯವರಿಗೂ ಠಾಣೆಗೂ ತಿಳಿಸುವುದು, ಹೊರಟ ಸಂಭ್ರಮವನ್ನು ಜಗತ್ತಿಗೆಲ್ಲ ಸಾರದಿರುವುದು, ಬೀಗದ ಕೈಯನ್ನು ದೇವರ ಗೂಡಿಗೆ ಒಪ್ಪಿಸದಿರುವುದು, ಇವು ಯಾವ ಪ್ರಯೋಗಶಾಲೆಯೂ ಬೇಡದ ಉಪಾಯಗಳು.

ಮೊನ್ನೆ ಸಂಜೆ ಎದುರುಮನೆಗೆ ಹೋಗಿದ್ದೆ. ಅಜ್ಜಿಯವರ ಮೊಮ್ಮಗಳು ಭೂತಗನ್ನಡಿ ಹಿಡಿದು ತಾಯಿಯ ಸರದ ಕೊಂಡಿಯಲ್ಲಿದ್ದ ಸಂಖ್ಯೆಯನ್ನು ನೋಟುಪುಸ್ತಕಕ್ಕೆ ಇಳಿಸುತ್ತಿದ್ದಳು. ಅಜ್ಜಿಯವರು ಬರಿಗೈಯಲ್ಲಿ ಹೂ ಕಟ್ಟುತ್ತ ಕುಳಿತಿದ್ದರು.

“ಆ ಬಳೆಗಳ ವಿಚಾರ ಆಮೇಲೆ ಏನಾದರೂ ತಿಳಿಯಿತೆ, ಅಜ್ಜಿ?” ಎಂದು ಕೇಳಿದೆ.

“ಇನ್ನೊಂದು ಮನೆಯವರು ಬಂದು ಗುರುತು ಹೇಳಿದರಂತೆ. ಒಂದು ಬಳೆಯ ಒಳಮೈಯಲ್ಲಿ ಅವರ ಅಕ್ಕಸಾಲಿಯ ಮುದ್ರೆ ಇತ್ತಂತೆ” ಎಂದರು ಅಜ್ಜಿಯವರು. “ನೋಡಿದೆಯಾ, ನಮ್ಮವಲ್ಲ.”